ಮೇಲ್ ತಂದುಕೊಟ್ಟ ಸರ್ವರ್‌ನ ಹೆಸರು ನೋಡಿ ಸ್ಪ್ಯಾಮ್ ಹಿಡಿಯುವುದು ಹೇಗೆ?

ಮಂಗಳೂರಿನ ಗೇರುಬೀಜ ಕಾರ್ಖಾನೆಯ ಆಫೀಸಿಗೆ, ಪಣಂಬೂರಿನ ಕ್ಲಿಯರಿಂಗ್ ಏಜೆಂಟರಿಗೆ, ಮಲ್ಪೆಯಿಂದ ಮೀನು ರಫ್ತು ಮಾಡುವವರಿಗೆ ದಿನವೂ ಬರುವ ಮೇಲ್ ಎಂಥದ್ದು? ಇನ್‌ವಾಯ್ಸ್, ಕಂಟೇನರ್ ನಂಬರ್, ಬಿಲ್ ಆಫ್ ಲೇಡಿಂಗ್, ಬ್ಯಾಂಕ್ ವಿವರ. ಸ್ಪ್ಯಾಮ್ ಕಳಿಸುವವರೂ ಇದನ್ನೇ ಬರೆಯುತ್ತಾರೆ. ಹಾಗಾಗಿ ವಿಷಯದ ಸಾಲು ಓದಿ ಅಸಲಿ ಯಾವುದು, ನಕಲಿ ಯಾವುದು ಎಂದು ಹೇಳುವುದು ಕಷ್ಟ. ಕಳಿಸಿದವರ ಹೆಸರು ನೋಡಿದರೂ ಪ್ರಯೋಜನ ಕಡಿಮೆ. ಆ ಜಾಗದಲ್ಲಿ ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಹಾಕಬಹುದು.

ಆದರೆ ಒಂದನ್ನು ಮುಚ್ಚಿಡಲು ಆಗುವುದಿಲ್ಲ. ನಿಮ್ಮ ಸರ್ವರ್‌ಗೆ ಮೇಲ್ ತಂದುಕೊಟ್ಟ ಯಂತ್ರದ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಆ ಯಂತ್ರದ ಗುರುತಿನ ಅಂಕಿ. ಮೇಲ್ ತಲುಪಿಸುವುದು ಎರಡು ಯಂತ್ರಗಳ ನಡುವಿನ ಮಾತುಕತೆ. ಈ ಕಡೆಯಿಂದ ಕೊಟ್ಟ ಉತ್ತರ ಆ ಕಡೆ ತಲುಪದಿದ್ದರೆ ಮಾತು ಮುಂದುವರಿಯುವುದೇ ಇಲ್ಲ. ಆದ್ದರಿಂದ ಸುಳ್ಳು ಐಪಿ ಕೊಟ್ಟು ಮೇಲ್ ಕಳಿಸುವುದು ನಡೆಯದ ಮಾತು. ಆ ಐಪಿಗೆ ಯಾವ ಹೆಸರಿದೆ, ಆ ಹೆಸರು ನಂಬುವಂಥದ್ದಾ ಎಂದು ನೋಡುವುದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಮೊದಲ ನಾಲ್ಕು ಹಂತ ಯಾರು ಬೇಕಾದರೂ ಮಾಡಬಹುದು. ಆಮೇಲಿನದು ಆಫೀಸಿನಲ್ಲಿ ಸ್ವಂತ ಮೇಲ್ ಸರ್ವರ್ ನೋಡಿಕೊಳ್ಳುವವರಿಗೆ. ಆಜ್ಞೆ, ಸೆಟ್ಟಿಂಗ್, ವಿಳಾಸ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಹಂತ 1: ಮೂರು ಹೆಸರುಗಳನ್ನು ಬೇರೆ ಬೇರೆಯಾಗಿ ಗುರುತಿಸಿ

ಇಲ್ಲಿ ಗೊಂದಲವಾದರೆ ಮುಂದಿನದೆಲ್ಲ ತಪ್ಪುತ್ತದೆ. ಅದಕ್ಕೆ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು, ಆ ಸರ್ವರ್ ತಾನೇ ಹೇಳಿಕೊಳ್ಳುವ ಹೆಸರು. ಒಂದು ಸರ್ವರ್ ಇನ್ನೊಂದರ ಬಾಗಿಲಿಗೆ ಬಂದಾಗ ಮೊದಲು 'ಹೆಲೋ, ನಾನು ಇಂಥವನು' ಎನ್ನುತ್ತದೆ. ಇದಕ್ಕೆ ಹೆಲೋ ಹೆಸರು ಎನ್ನುತ್ತಾರೆ. ಇದನ್ನು ಏನು ಬೇಕಾದರೂ ಹೇಳಬಹುದು, ತಡೆಯುವವರಿಲ್ಲ.

ಎರಡನೆಯದು ರಿವರ್ಸ್ ಡಿಎನ್‌ಎಸ್ ಹೆಸರು. ಡಿಎನ್‌ಎಸ್ ಎಂದರೆ ಇಂಟರ್‌ನೆಟ್‌ನ ಹೆಸರು-ವಿಳಾಸದ ಪುಸ್ತಕ. ಸಾಮಾನ್ಯವಾಗಿ ಅದಕ್ಕೆ ಹೆಸರು ಕೊಟ್ಟರೆ ಐಪಿ ಹೇಳುತ್ತದೆ. ರಿವರ್ಸ್‌ನಲ್ಲಿ ಐಪಿ ಕೊಟ್ಟರೆ ಹೆಸರು ಹೇಳುತ್ತದೆ. ಈ ಉತ್ತರ ಇರುವುದು ಪಿಟಿಆರ್ ಎಂಬ ರೆಕಾರ್ಡ್‌ನಲ್ಲಿ. ಹುಡುಕುವಾಗ ಐಪಿಯ ನಾಲ್ಕು ಅಂಕಿಗಳನ್ನು ಹಿಂದುಮುಂದು ಮಾಡಿ, ಕೊನೆಗೆ 'ಇನ್-ಆಡ್ಡರ್.ಅರ್ಪಾ' ಸೇರಿಸುತ್ತಾರೆ. 192.0.2.25 ಎಂಬ ವಿಳಾಸಕ್ಕೆ 25.2.0.192.ಇನ್-ಆಡ್ಡರ್.ಅರ್ಪಾ ಎಂದು ಕೇಳುತ್ತಾರೆ. ಐಪಿವಿ6 (ಐಪಿಯ ಹೊಸ, ಉದ್ದದ ರೂಪ) ಆದರೆ ಕೊನೆಯಲ್ಲಿ 'ಐಪಿ6.ಅರ್ಪಾ' ಬರುತ್ತದೆ.

ಮೂರನೆಯದು, ನಿಮ್ಮ ಮೇಲ್‌ನಲ್ಲಿ ಕಾಣುವ 'ಫ್ರಮ್' ವಿಳಾಸ. ಇದಕ್ಕೂ ಮೇಲಿನ ಎರಡಕ್ಕೂ ನೇರ ಸಂಬಂಧ ಇರಲೇಬೇಕು ಎಂದೇನಿಲ್ಲ. ಉಡುಪಿಯ ಒಂದು ಹೋಟೆಲ್ ತನ್ನ ಮೇಲ್ ಅನ್ನು ಗೂಗಲ್ ಅಥವಾ ಮೈಕ್ರೋಸಾಫ್ಟ್ ಸೇವೆಯಲ್ಲಿ ಇಟ್ಟಿದ್ದರೆ, ಮೇಲ್ ತರುವ ಸರ್ವರ್‌ನ ಹೆಸರು ಗೂಗಲ್.ಕಾಮ್ ಅಥವಾ ಔಟ್‌ಲುಕ್.ಕಾಮ್ ಎಂದೇ ಮುಗಿಯುತ್ತದೆ. ಹೋಟೆಲಿನ ಹೆಸರು ಅದರಲ್ಲಿ ಇರುವುದಿಲ್ಲ. ಇದು ಮೋಸ ಅಲ್ಲ, ಎಲ್ಲ ಕಡೆ ಹೀಗೇ ಇದೆ. ತುಂಬಾ ಜನ ಇಲ್ಲೇ ಎಡವಿ ಒಳ್ಳೆಯ ಮೇಲ್ ಬಿಸಾಡುತ್ತಾರೆ.

ಈಗ ಮುಖ್ಯ ವಿಷಯ. ಪಿಟಿಆರ್ ರೆಕಾರ್ಡ್ ಇರುವುದು ಐಪಿ ಯಾರದ್ದೋ ಅವರ ಕೈಯಲ್ಲಿ. ಅಂದರೆ ಇಂಟರ್‌ನೆಟ್ ಕಂಪನಿ ಅಥವಾ ಹೋಸ್ಟಿಂಗ್ ಕಂಪನಿ. ಹೆಸರಿನಿಂದ ಐಪಿ ಹೇಳುವ ಎ ರೆಕಾರ್ಡ್ ಇರುವುದು ಆ ಡೊಮೇನ್ ಯಾರದ್ದೋ ಅವರ ಕೈಯಲ್ಲಿ. ಒಂದು ಕಡೆಯವರು ಸುಳ್ಳು ಬರೆಯಬಹುದು. ಸ್ಪ್ಯಾಮ್ ಕಳಿಸುವವನ ಬಳಿ ತನ್ನದೇ ಐಪಿಗಳಿದ್ದರೆ ಅವುಗಳ ಪಿಟಿಆರ್‌ನಲ್ಲಿ ದೊಡ್ಡ ಬ್ಯಾಂಕಿನ ಹೆಸರನ್ನೇ ಬರೆದುಕೊಳ್ಳಬಹುದು. ಆದರೆ ಆ ಬ್ಯಾಂಕಿನ ಡಿಎನ್‌ಎಸ್‌ನಲ್ಲಿ ತನ್ನ ಐಪಿ ಬರೆಸಲು ಅವನಿಂದ ಆಗುವುದಿಲ್ಲ. ನಮ್ಮ ಊರಿನಲ್ಲಿ ಗುರುತಿಲ್ಲದವರು ಬಂದರೆ 'ಯಾವ ಮನೆಯವರು?' ಎಂದು ಕೇಳುತ್ತೇವೆ. ಅವರು ಹೇಳಿದ ಮನೆಗೆ ಫೋನ್ ಮಾಡಿ 'ಇವರು ನಿಮ್ಮವರಾ?' ಎಂದು ವಿಚಾರಿಸಿದರೆ ನಿಜ ಗೊತ್ತಾಗುತ್ತದೆ. ಇಲ್ಲಿಯೂ ಅಷ್ಟೇ: ಐಪಿಯಿಂದ ಹೆಸರು, ಆ ಹೆಸರಿನಿಂದ ವಾಪಸ್ ಐಪಿ. ಎರಡೂ ಕೂಡಿದರೆ ಹೆಸರನ್ನು ನಂಬಬಹುದು.

ಹಂತ 2: ಹೆಡರ್ ತೆಗೆಯಿರಿ

ಹೆಡರ್ ಎಂದರೆ ಮೇಲ್ ಬಂದ ದಾರಿಯ ದಾಖಲೆ, ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಜಿಮೇಲ್ ಅನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಮೇಲ್‌ನ ಬಲಬದಿಯ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಆರಿಸಿ. ಹಳೆಯ ಔಟ್‌ಲುಕ್‌ನಲ್ಲಿ ಮೇಲ್ ಬೇರೆ ಕಿಟಕಿಯಲ್ಲಿ ತೆರೆದು ಫೈಲ್, ಆಮೇಲೆ ಪ್ರಾಪರ್ಟೀಸ್‌ಗೆ ಹೋದರೆ ಕೆಳಗಿನ ಡಬ್ಬಿಯಲ್ಲಿ ಇಂಟರ್‌ನೆಟ್ ಹೆಡರ್ಸ್ ಕಾಣುತ್ತದೆ. ಬೇರೆ ಸೇವೆಗಳಲ್ಲೂ 'ಸೋರ್ಸ್' ಅಥವಾ 'ಹೆಡರ್' ಎಂಬ ಆಯ್ಕೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಹಂತ 3: ನಂಬಬಹುದಾದ ಸಾಲು ಯಾವುದೆಂದು ಹುಡುಕಿ

ಹೆಡರ್‌ನಲ್ಲಿ 'ರಿಸೀವ್ಡ್' ಎಂದು ಶುರುವಾಗುವ ಹಲವು ಸಾಲುಗಳಿರುತ್ತವೆ. ಮೇಲ್ ದಾಟಿ ಬಂದ ಪ್ರತಿ ಸರ್ವರ್ ತನ್ನ ಸಾಲನ್ನು ಮೇಲೆ ಸೇರಿಸುತ್ತಾ ಹೋಗುತ್ತದೆ. ಹಾಗಾಗಿ ಪಯಣ ಕೆಳಗಿನಿಂದ ಮೇಲಕ್ಕೆ. ಕೆಳಗಿನ ಸಾಲುಗಳನ್ನು ಕಳ್ಳರೇ ಬರೆದು ಸೇರಿಸಿರಬಹುದು, ಅವನ್ನು ನಂಬಬೇಡಿ. ನಿಮ್ಮ ಸರ್ವರ್ ಹೊರಗಿನಿಂದ ಮೇಲ್ ತೆಗೆದುಕೊಂಡಾಗ ಬರೆದ ಸಾಲು ಮಾತ್ರ ಗಟ್ಟಿ. ಜಿಮೇಲ್ ಆದರೆ 'ಬೈ ಎಂಎಕ್ಸ್.ಗೂಗಲ್.ಕಾಮ್' ಎಂದಿರುವ ಸಾಲು. ಅದರ ಮೇಲೆ ಇರುವ ಒಂದೆರಡು ಸಾಲು ಗೂಗಲ್‌ನ ಒಳಗಿನ ಓಡಾಟ, ಬಿಟ್ಟುಬಿಡಿ.

ಆ ಸಾಲು ಸುಮಾರು ಹೀಗಿರುತ್ತದೆ. ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟವು.

ರಿಸೀವ್ಡ್: ಫ್ರಮ್ ಮೇಲ್.ಹಡಗುಕಂಪನಿ.ಎಕ್ಸಾಂಪಲ್ (198-51-100-77.ಡೈನಾಮಿಕ್.ಬ್ರಾಡ್‌ಬ್ಯಾಂಡ್.ಎಕ್ಸಾಂಪಲ್ [198.51.100.77]) ಬೈ ಮೇಲ್.ಗೇರುಬೀಜ.ಎಕ್ಸಾಂಪಲ್

'ಫ್ರಮ್' ಆದ ಮೇಲೆ ಬರುವುದು ಹೆಲೋ ಹೆಸರು. ಆವರಣದ ಒಳಗೆ ಮೊದಲು ಬರುವುದು ರಿವರ್ಸ್ ಡಿಎನ್‌ಎಸ್ ಹೆಸರು. ಚೌಕ ಆವರಣದಲ್ಲಿ ಇರುವುದು ಐಪಿ. ಹೆಸರಿನ ಜಾಗದಲ್ಲಿ 'ಅನ್‌ನೋನ್' ಎಂದಿದ್ದರೆ, ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದ ಭಾಷೆಯಲ್ಲಿ ಅದರ ಅರ್ಥ ಎರಡರಲ್ಲಿ ಒಂದು: ಪಿಟಿಆರ್ ಇಲ್ಲ, ಇಲ್ಲವೇ ಇದ್ದರೂ ವಾಪಸ್ ಹುಡುಕಿದಾಗ ಕೂಡಿಬರಲಿಲ್ಲ. ಜಿಮೇಲ್‌ನಲ್ಲಿ ಪಿಟಿಆರ್ ಇಲ್ಲದಿದ್ದರೆ ಆವರಣದಲ್ಲಿ ಬರೀ ಐಪಿ ಕಾಣುತ್ತದೆ.

ಮೇಲಿನ ಉದಾಹರಣೆಯನ್ನೇ ಓದಿ. ಬಂದವನು ತನ್ನನ್ನು ಹಡಗು ಕಂಪನಿಯ ಮೇಲ್ ಸರ್ವರ್ ಎನ್ನುತ್ತಿದ್ದಾನೆ. ಐಪಿಯ ಹೆಸರು ಮಾತ್ರ ಯಾರದ್ದೋ ಮನೆಯ ಬ್ರಾಡ್‌ಬ್ಯಾಂಡ್ ಲೈನ್ ಎನ್ನುತ್ತಿದೆ. ಹಡಗು ಕಂಪನಿ ತನ್ನ ಮೇಲ್ ಅನ್ನು ಮನೆಯ ಲೈನಿನಿಂದ ಯಾಕೆ ಕಳಿಸುತ್ತದೆ? ಯಾರದ್ದೋ ಕಂಪ್ಯೂಟರಿಗೆ ವೈರಸ್ ಸೇರಿ, ಅದು ಮಾಲೀಕರಿಗೆ ಗೊತ್ತಿಲ್ಲದೆ ಸ್ಪ್ಯಾಮ್ ಕಳಿಸುತ್ತಿರುವ ಲಕ್ಷಣ ಇದು.

ಹಂತ 4: ಹೆಸರನ್ನು ನೀವೇ ಪರೀಕ್ಷಿಸಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎನ್‌ಎಸ್‌ಲುಕಪ್ 198.51.100.77' ಎಂದು ಕೊಡಿ. ಲಿನಕ್ಸ್ ಅಥವಾ ಮ್ಯಾಕ್ ಆದರೆ 'ಡಿಗ್ -ಎಕ್ಸ್ 198.51.100.77'. ಬಂದ ಹೆಸರನ್ನು ಮತ್ತೆ ಅದೇ ಆಜ್ಞೆಗೆ ಕೊಟ್ಟು ಐಪಿ ಕೇಳಿ. ಡಿಗ್ ಬಳಸುವವರು ಈ ಸಲ '-ಎಕ್ಸ್' ಬಿಟ್ಟು ಕೊಡಬೇಕು. ಹೊರಟ ಐಪಿಗೇ ವಾಪಸ್ ಬಂದರೆ ಸರಿ. ಒಂದು ಹೆಸರಿಗೆ ಹಲವು ಐಪಿ ಬಂದರೆ, ಅವುಗಳಲ್ಲಿ ನಮ್ಮದು ಒಂದಾಗಿದ್ದರೂ ಸಾಕು.

ಕೂಡಿಬಂದ ಮೇಲೆ ಹೆಸರಿನ ರೂಪ ನೋಡಿ. ಮೇಲ್, ಎಂಎಕ್ಸ್, ಎಸ್‌ಎಂಟಿಪಿ, ಔಟ್‌ಬೌಂಡ್ ಎಂಬ ಪದಗಳಿದ್ದರೆ ಯಾರೋ ಮೇಲ್ ಕೆಲಸಕ್ಕೆಂದೇ ಕೂತು ಹೆಸರಿಟ್ಟಿದ್ದಾರೆ ಎಂದರ್ಥ. ಡೈನಾಮಿಕ್, ಡಿಎಚ್‌ಸಿಪಿ, ಪೂಲ್, ಡಿಎಸ್‌ಎಲ್, ಪಿಪಿಪಿ ಎಂದಿದ್ದು ಐಪಿಯ ಅಂಕಿಗಳೇ ಹೆಸರಿನಲ್ಲಿ ತುಂಬಿದ್ದರೆ ಅದು ಕಂಪನಿ ಸಾವಿರಾರು ಲೈನ್‌ಗಳಿಗೆ ಒಟ್ಟಿಗೆ ಇಟ್ಟ ಹೆಸರು. ಅಲ್ಲಿಂದ ನೇರವಾಗಿ ಮೇಲ್ ಬರುವುದು ಅನುಮಾನಕ್ಕೆ ಕಾರಣ.

'ಸ್ಟ್ಯಾಟಿಕ್' (ಬದಲಾಗದ ಐಪಿ) ಎಂದಿದ್ದು ಜೊತೆಗೆ ಅಂಕಿಗಳಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಕಡೆಯ ಎಷ್ಟೋ ಸಣ್ಣ ಆಫೀಸುಗಳು ಸ್ಟ್ಯಾಟಿಕ್ ಐಪಿ ತೆಗೆದುಕೊಂಡು ಸರ್ವರ್ ಇಡುತ್ತವೆ, ಪಿಟಿಆರ್ ಬದಲಿಸಲು ಮಾತ್ರ ಕೇಳುವುದಿಲ್ಲ. ಕಂಪನಿ ಇಟ್ಟ ಹೆಸರೇ ಉಳಿದುಬಿಡುತ್ತದೆ. ಅವರು ಕಳ್ಳರಲ್ಲ ಮಾರಾಯ್ರೆ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಹಂತ 5: ಸ್ವಂತ ಸರ್ವರ್ ಇದ್ದರೆ, ಮೊದಲು ಬರೀ ನೋಡಿ

ಇಲ್ಲಿಂದ ಮುಂದೆ ಪೋಸ್ಟ್‌ಫಿಕ್ಸ್ ಇಟ್ಟುಕೊಂಡು ಹೇಳುತ್ತೇನೆ. ಅದರಲ್ಲಿ ಎರಡು ನಿಯಮಗಳಿವೆ, ಹೆಸರು ಹೆಚ್ಚುಕಮ್ಮಿ ಒಂದೇ ಥರ ಇದ್ದರೂ ಕೆಲಸ ಬೇರೆ.

ರಿಜೆಕ್ಟ್_ಅನ್‌ನೋನ್_ರಿವರ್ಸ್_ಕ್ಲೈಂಟ್_ಹೋಸ್ಟ್‌ನೇಮ್: ಪಿಟಿಆರ್ ಇಲ್ಲವೇ ಇಲ್ಲ ಎಂದರೆ ತಡೆಯುತ್ತದೆ.

ರಿಜೆಕ್ಟ್_ಅನ್‌ನೋನ್_ಕ್ಲೈಂಟ್_ಹೋಸ್ಟ್‌ನೇಮ್: ಪಿಟಿಆರ್ ಇದ್ದರೂ ವಾಪಸ್ ಐಪಿಗೆ ಕೂಡಿಬರದಿದ್ದರೆ ತಡೆಯುತ್ತದೆ. ಇದು ಜಾಸ್ತಿ ಕಟ್ಟುನಿಟ್ಟು.

ಇವನ್ನು ನೇರವಾಗಿ ಹಾಕಬೇಡಿ. ಎದುರಿಗೆ 'ವಾರ್ನ್_ಇಫ್_ರಿಜೆಕ್ಟ್' ಸೇರಿಸಿ. ಆಗ ಮೇಲ್ ಒಳಗೆ ಬರುತ್ತದೆ, 'ನಿಯಮ ಇದ್ದಿದ್ದರೆ ಇದು ತಡೆಯಲ್ಪಡುತ್ತಿತ್ತು' ಎಂದು ಲಾಗ್‌ನಲ್ಲಿ ಮಾತ್ರ ದಾಖಲಾಗುತ್ತದೆ. ಕೆಲವು ವಾರ ಹಾಗೇ ಬಿಡಿ. ತಿಂಗಳ ಕೊನೆಯ ಬಿಲ್‌ಗಳು, ವರ್ಷಕ್ಕೊಮ್ಮೆ ಬರೆಯುವ ಆಡಿಟರ್, ಗಲ್ಫ್‌ನಲ್ಲಿರುವ ಗ್ರಾಹಕರು, ಎಲ್ಲರ ಮೇಲ್ ಅದರಲ್ಲಿ ಹಾದುಹೋಗಬೇಕು. ಆಮೇಲೆ ಲಾಗ್‌ನಲ್ಲಿ 'ರಿಜೆಕ್ಟ್_ವಾರ್ನಿಂಗ್' ಎಂದು ಹುಡುಕಿ ಪಟ್ಟಿ ಓದಿ.

ಈ ಓದು ಯಾಕೆ ಮುಖ್ಯ ಎಂದರೆ, ಮಂಗಳೂರಿನ ಕಾರ್ಖಾನೆಗಳಿಗೆ ಕಚ್ಚಾ ಗೇರುಬೀಜ ಪಶ್ಚಿಮ ಆಫ್ರಿಕಾದಿಂದ, ತಾಂಜಾನಿಯಾದಿಂದ ಬರುತ್ತದೆ. ಅಲ್ಲಿನ ಸಣ್ಣ ವ್ಯಾಪಾರಿಯ ಆಫೀಸಿನಲ್ಲಿ ಪಿಟಿಆರ್ ಸರಿ ಇರಲೇಬೇಕು ಎಂದೇನಿಲ್ಲ. ನೀವು ಕಣ್ಣು ಮುಚ್ಚಿ ನಿಯಮ ಹಾಕಿದರೆ ಹೋಗುವುದು ಸ್ಪ್ಯಾಮ್ ಮಾತ್ರ ಅಲ್ಲ, ವ್ಯಾಪಾರವೂ ಹೋಗುತ್ತದೆ. ಅಂಥವರ ಐಪಿಯನ್ನು ಬಿಡುಗಡೆ ಪಟ್ಟಿಗೆ ಸೇರಿಸಿ, ಜೊತೆಗೆ ಅವರಿಗೊಂದು ಮಾತು ತಿಳಿಸಿ. ಬೇರೆಯವರೂ ಅವರ ಮೇಲ್ ತಡೆಯುತ್ತಿರಬಹುದು.

ಹಂತ 6: ಯಾವುದನ್ನು ತಡೆಯಬೇಕು, ಯಾವುದಕ್ಕೆ ಅಂಕ ಕೊಡಬೇಕು

ಎಲ್ಲಕ್ಕಿಂತ ಮೊದಲು, ನಿಮ್ಮವರನ್ನು ಬಿಡಿ. ಕೊಡಿಯಾಲ್‌ಬೈಲಿನ ಆಫೀಸಿನವರು ಮನೆಯಿಂದ ಮೇಲ್ ಕಳಿಸಿದರೆ ಅವರ ಐಪಿಯೂ ಡೈನಾಮಿಕ್ ಹೆಸರಿನದ್ದೇ ಆಗಿರುತ್ತದೆ. ಅವರು 587ನೇ ಪೋರ್ಟ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಬರಬೇಕು. ಈ ನಿಯಮಗಳು ಹೊರಗಿನ ಸರ್ವರ್‌ಗಳು ಬರುವ 25ನೇ ಪೋರ್ಟ್‌ಗೆ ಮಾತ್ರ. ನಿಯಮಗಳ ಪಟ್ಟಿಯ ಮೇಲೆಯೇ ನಿಮ್ಮ ನೆಟ್‌ವರ್ಕ್‌ನವರನ್ನು, ಪಾಸ್‌ವರ್ಡ್ ಕೊಟ್ಟವರನ್ನು ಬಿಡುವ ಪರ್ಮಿಟ್_ಮೈನೆಟ್‌ವರ್ಕ್ಸ್, ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್ ಇರಲಿ. ಆಫೀಸಿನ ಸ್ಕ್ಯಾನರ್ ಕೂಡ ಅರ್ಧಂಬರ್ಧ ಹೆಲೋ ಹೆಸರು ಹೇಳುತ್ತದೆ. ಈ ಸಾಲುಗಳಿದ್ದರೆ ಅದಕ್ಕೂ ತೊಂದರೆ ಇಲ್ಲ.

ಆಮೇಲೆ, ಧೈರ್ಯವಾಗಿ ತಡೆಯಬಹುದಾದದ್ದು ಒಂದಿದೆ. ಹೊರಗಿನಿಂದ ಬಂದ ಸರ್ವರ್ ಹೆಲೋದಲ್ಲಿ ನಿಮ್ಮದೇ ಡೊಮೇನ್ ಅಥವಾ ನಿಮ್ಮದೇ ಐಪಿ ಹೇಳಿದರೆ ಅದು ಸುಳ್ಳು. ನಿಮ್ಮ ಸರ್ವರ್ ನೀವೇ ಅಲ್ವಾ? ಇದನ್ನು ಚೆಕ್_ಹೆಲೋ_ಆಕ್ಸೆಸ್ ಪಟ್ಟಿಯಲ್ಲಿ ಹಾಕಿ ತಡೆಯಿರಿ. ಇದರಿಂದ ಒಳ್ಳೆಯ ಮೇಲ್ ಹೋಗುವ ಭಯ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೆಲೋ ಹೇಳದೆ ಬಂದವರನ್ನು, ಹೆಸರಿನ ರೂಪವೇ ತಪ್ಪಿದವರನ್ನು ತಡೆಯಲೂ ನಿಯಮಗಳಿವೆ, ಹಾಕಬಹುದು.

ಹೆಲೋ ಹೆಸರು ಮತ್ತು ಐಪಿ ಕೂಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ಮಾತ್ರ ಮೇಲ್ ತಡೆಯಬೇಡಿ. ಎಸ್‌ಎಂಟಿಪಿಯ, ಅಂದರೆ ಸರ್ವರ್‌ಗಳು ಮೇಲ್ ಸಾಗಿಸುವ ಪದ್ಧತಿಯ, ನಿಯಮಗಳನ್ನು ಹೇಳುವ 2008ರ ದಾಖಲೆ ಆರ್‌ಎಫ್‌ಸಿ 5321 ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಪರೀಕ್ಷಿಸಬಹುದು, ಆದರೆ ಆ ಪರೀಕ್ಷೆ ಸೋತಿತು ಎಂದು ಮೇಲ್ ನಿರಾಕರಿಸಬಾರದು. ಇದು ಸರಿಯಾದ ಮಾತು. ಒಂದೇ ಐಪಿಯ ಹಿಂದೆ ಹಲವು ಯಂತ್ರಗಳಿದ್ದಾಗ, ಆಫೀಸಿನ ಒಳಗಿನ ಹೆಸರನ್ನೇ ಸರ್ವರ್ ಹೊರಗೆ ಹೇಳಿದಾಗ ಹೀಗಾಗುವುದು ಸಹಜ.

ಉಳಿದದ್ದಕ್ಕೆ ಅಂಕ ಪದ್ಧತಿ ಒಳ್ಳೆಯದು. ಸ್ಪ್ಯಾಮ್‌ಅಸಾಸಿನ್ ಎಂಬ ಸ್ಪ್ಯಾಮ್ ಸೋಸುವ ತಂತ್ರಾಂಶದಲ್ಲಿ ರಿವರ್ಸ್ ಹೆಸರು ಇಲ್ಲದ್ದಕ್ಕೆ ಆರ್‌ಡಿಎನ್‌ಎಸ್_ನನ್, ಡೈನಾಮಿಕ್ ರೂಪದ ಹೆಸರಿಗೆ ಆರ್‌ಡಿಎನ್‌ಎಸ್_ಡೈನಾಮಿಕ್ ಎಂಬ ನಿಯಮಗಳು ಮೊದಲೇ ಇವೆ. ಅವು ಸ್ವಲ್ಪ ಅಂಕ ಸೇರಿಸುತ್ತವೆ. ಮೇಲ್‌ನ ಮಾತು, ಲಿಂಕ್, ಎಸ್‌ಪಿಎಫ್, ಡಿಕಿಮ್ (ಕಳಿಸಿದ ಡೊಮೇನ್ ಅಸಲಿಯೇ ಎಂದು ನೋಡುವ ಎರಡು ಪರೀಕ್ಷೆ) ಎಲ್ಲದರ ಅಂಕ ಕೂಡಿ 5 ಮುಟ್ಟಿದರೆ ಸ್ಪ್ಯಾಮ್ ಎನ್ನುವುದು ಅದರ ಮೂಲ ಸೆಟ್ಟಿಂಗ್. ಹೆಸರೊಂದನ್ನೇ ನೋಡಿ ತೀರ್ಪು ಕೊಡುವುದಕ್ಕಿಂತ ಇದು ನ್ಯಾಯ. ಸಣ್ಣ ಆಫೀಸಿಗೆ ನಾನು ಹೇಳುವುದು ಇಷ್ಟೇ: ಪಿಟಿಆರ್ ಇಲ್ಲದ್ದಕ್ಕೆ ಲಾಗ್ ನೋಡಿದ ಮೇಲೆ ತಡೆ, ಕೂಡಿಬರದ್ದಕ್ಕೆ ಅಂಕ.

ಡಿಎನ್‌ಎಸ್ ಉತ್ತರವೇ ಬರದಿದ್ದರೆ? 'ಹೆಸರಿಲ್ಲ' ಎಂಬ ಉತ್ತರ ಬೇರೆ, 'ಉತ್ತರ ಸಿಗಲಿಲ್ಲ' ಎಂಬುದು ಬೇರೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ, ಕೇಬಲ್ ತುಂಡಾಗಿ ಲೈನ್ ಕೈಕೊಡುವುದು ನಿಮಗೆ ಗೊತ್ತೇ ಇದೆ. ಆಗ ಒಳ್ಳೆಯ ಸರ್ವರ್‌ನ ಹೆಸರೂ ಸಿಗುವುದಿಲ್ಲ. ಅದಕ್ಕೆ ನಿರಾಕರಣೆಯ ಉತ್ತರ 4ರಿಂದ ಶುರುವಾಗಬೇಕು, 5ರಿಂದ ಅಲ್ಲ. ಪೋಸ್ಟ್‌ಫಿಕ್ಸ್ ತಾನಾಗಿಯೇ 450 ಕೊಡುತ್ತದೆ, ಅದನ್ನು 550 ಮಾಡಲು ಹೋಗಬೇಡಿ. 4 ಎಂದರೆ 'ಆಮೇಲೆ ಬನ್ನಿ', 5 ಎಂದರೆ 'ಬರಲೇಬೇಡಿ'. ಸರಿಯಾದ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಕೈಬಿಡುವ ಮೊದಲು 4–5 ದಿನ ಕಾಯಬೇಕು ಎಂದು ಅದೇ ಆರ್‌ಎಫ್‌ಸಿ ಹೇಳುತ್ತದೆ. ಸ್ಪ್ಯಾಮ್ ಕಳಿಸುವ ವೈರಸ್‌ಗಳಿಗೆ ಅಷ್ಟು ತಾಳ್ಮೆ ಇರುವುದು ಅಪರೂಪ.

ಹಂತ 7: ಕಪ್ಪು ಪಟ್ಟಿಯನ್ನೂ ಜೊತೆಗಿಡಿ, ಎಚ್ಚರದಿಂದ

ಐಪಿಯನ್ನು ಹಿಂದುಮುಂದು ಮಾಡಿ ಕೇಳುವ ಇದೇ ಉಪಾಯದಲ್ಲಿ ಕಪ್ಪು ಪಟ್ಟಿಗಳೂ ನಡೆಯುತ್ತವೆ. ಸ್ಪ್ಯಾಮ್‌ಹೌಸ್ ಅವುಗಳಲ್ಲಿ ಹೆಸರುವಾಸಿ. ಅದರ ಪಿಬಿಎಲ್ ಪಟ್ಟಿಯಲ್ಲಿ ಮನೆಯ ಲೈನ್‌ಗಳಂಥ, ನೇರವಾಗಿ ಮೇಲ್ ಕಳಿಸಬಾರದ ಐಪಿಗಳಿರುತ್ತವೆ. ಹೆಸರಿನಲ್ಲಿ 'ಡೈನಾಮಿಕ್' ಹುಡುಕುವ ಕೆಲಸವನ್ನು ಅದು ನಿಮಗಿಂತ ಚೆನ್ನಾಗಿ ಮಾಡಿರುತ್ತದೆ.

ಒಂದು ಹಳ್ಳ ಇದೆ, ನೋಡಿಕೊಳ್ಳಿ. ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ ಸರಿಯಾದ ಉತ್ತರ ಕೊಡುವುದಿಲ್ಲ. 127.255.255.254 ಎಂಬ ಎರರ್ ಸಂಕೇತ ಕೊಡುತ್ತದೆ. 'ಏನೇ ಉತ್ತರ ಬಂದರೂ ಪಟ್ಟಿಯಲ್ಲಿದೆ' ಎಂದು ಸರ್ವರ್ ತಿಳಿದರೆ ಬಂದ ಮೇಲ್ ಎಲ್ಲವೂ ವಾಪಸ್! ಮೇಲ್ ಸರ್ವರ್‌ನಲ್ಲೇ ಅನ್‌ಬೌಂಡ್‌ನಂಥ ಸ್ವಂತ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿ ತರುವ ತಂತ್ರಾಂಶ) ಇಡಿ. ರಿವರ್ಸ್ ಹುಡುಕಾಟವೂ ಬೇಗ ಆಗುತ್ತದೆ.

ಇದರಿಂದ ಸಿಕ್ಕದ ಕಳ್ಳರು

ದೊಡ್ಡ ನಷ್ಟ ಮಾಡುವ ಮೇಲ್ ಈ ಬಲೆಗೆ ಬೀಳುವುದಿಲ್ಲ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ' ಎಂಬ ಮೇಲ್ ನಿಮ್ಮ ಪೂರೈಕೆದಾರರ ನಿಜವಾದ ಮೇಲ್‌ಬಾಕ್ಸ್‌ನಿಂದಲೇ ಬರಬಹುದು. ಅವರ ಪಾಸ್‌ವರ್ಡ್ ಕದ್ದವನು ಕಳಿಸಿರುತ್ತಾನೆ. ಸರ್ವರ್ ಗೂಗಲ್‌ನದ್ದು, ಹೆಸರು ಸರಿ, ಎಲ್ಲವೂ ಕೂಡುತ್ತದೆ. ಹಣದ ವಿಷಯ ಬಂದರೆ ಸರ್ವರ್‌ನ ಹೆಸರು ಎಷ್ಟೇ ಶುದ್ಧವಾಗಿದ್ದರೂ ನಿಮ್ಮ ಬಳಿ ಮೊದಲಿಂದ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಿ. ಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಅಲ್ಲ. ಹಣ ಹೋಗಿಬಿಟ್ಟಿದ್ದರೆ ಒಂದು ಗಂಟೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ.

ಹಂತ 8: ನಿಮ್ಮ ಸರ್ವರ್‌ನ ಹೆಸರು ಸರಿ ಇದೆಯಾ?

ಬೇರೆಯವರೂ ನಿಮ್ಮನ್ನು ಹೀಗೇ ಪರೀಕ್ಷಿಸುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಎಲ್ಲ ಸರ್ವರ್‌ಗಳಿಗೂ ಹೋಗಿಬರುವ ಎರಡೂ ದಿಕ್ಕಿನ ಡಿಎನ್‌ಎಸ್ ಸರಿ ಇರಬೇಕೆಂದು ಗೂಗಲ್ ನಿಯಮ ಮಾಡಿದೆ. ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಇನ್ನೂ ಕಟ್ಟುನಿಟ್ಟು. ವಾಪಸ್ ಬಂದ ಮೇಲ್‌ನಲ್ಲಿ 5.7.25 ಎಂಬ ಅಂಕಿ ಕಂಡರೆ ನಿಮ್ಮ ಪಿಟಿಆರ್ ಸರಿ ಇಲ್ಲ ಎಂದೇ ಅರ್ಥ.

ಮಾಡಬೇಕಾದದ್ದು ಸುಲಭ. ಮೇಲ್.ನಿಮ್ಮಡೊಮೇನ್ ಎಂಬಂಥ ಒಂದು ಹೆಸರು ಆರಿಸಿ. ಡೊಮೇನ್ ತೆಗೆದುಕೊಂಡ ಕಡೆ ಆ ಹೆಸರಿಗೆ ಎ ರೆಕಾರ್ಡ್ ಹಾಕಿ ನಿಮ್ಮ ಸ್ಟ್ಯಾಟಿಕ್ ಐಪಿ ಕೊಡಿ. ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್‌ನಲ್ಲೂ ಅದೇ ಹೆಸರು ಬರೆಯಿರಿ, ಹೆಲೋದಲ್ಲಿ ಅದೇ ಹೋಗುತ್ತದೆ. ಪಿಟಿಆರ್ ಮಾತ್ರ ನಿಮ್ಮ ಕೈಯಲ್ಲಿಲ್ಲ. ಇಂಟರ್‌ನೆಟ್ ಕಂಪನಿಗೆ ಬರೆಯಬೇಕು. ಕಸ್ಟಮರ್ ಕೇರ್‌ನವರಿಗೆ 'ರಿವರ್ಸ್ ಡಿಎನ್‌ಎಸ್' ಎಂದರೆ ಅರ್ಥವಾಗದೆ ಇರಬಹುದು. ಆಗ ಸ್ಟ್ಯಾಟಿಕ್ ಐಪಿ ಕೊಟ್ಟ ಬಿಸಿನೆಸ್ ವಿಭಾಗಕ್ಕೆ ಲಿಖಿತವಾಗಿ ಕೇಳಿ: 'ಈ ಐಪಿಯ ಪಿಟಿಆರ್ ರೆಕಾರ್ಡ್ ಅನ್ನು ಈ ಹೆಸರಿಗೆ ಬದಲಿಸಿ.' ಐಪಿ, ಹೆಸರು, ನಿಮ್ಮ ಗ್ರಾಹಕ ಸಂಖ್ಯೆ ಮೂರನ್ನೂ ಒಂದೇ ಪತ್ರದಲ್ಲಿ ಕೊಡಿ. ಕ್ಲೌಡ್ ಸರ್ವರ್ ಆದರೆ ಸಾಮಾನ್ಯವಾಗಿ ಅವರ ಕಂಟ್ರೋಲ್ ಪ್ಯಾನಲ್‌ನಲ್ಲೇ ಬದಲಿಸಬಹುದು.

ಸರ್ವರ್‌ಗೆ ಐಪಿವಿ6 ವಿಳಾಸವೂ ಇದ್ದರೆ ಅದಕ್ಕೂ ಪಿಟಿಆರ್ ಬೇಕು. ಇದನ್ನು ಮರೆಯುವವರು ಬಹಳ. ಕಂಪನಿಯವರು ಕೊಡುವುದಿಲ್ಲ ಎಂದರೆ ಪೋಸ್ಟ್‌ಫಿಕ್ಸ್‌ನ ಐನೆಟ್_ಪ್ರೋಟೋಕಾಲ್ಸ್‌ನಲ್ಲಿ 'ಐಪಿವಿ4' ಎಂದು ಬರೆದು ಅದರಿಂದ ಮಾತ್ರ ಕಳಿಸುವಂತೆ ಮಾಡಿ. ಬದಲಾವಣೆ ಎಲ್ಲ ಕಡೆ ಕಾಣಲು ಒಂದೆರಡು ದಿನ ಹಿಡಿಯಬಹುದು. ಆಮೇಲೆ ನಿಮ್ಮದೇ ಒಂದು ಜಿಮೇಲ್ ಖಾತೆಗೆ ಮೇಲ್ ಕಳಿಸಿ, ಎರಡನೇ ಹಂತದಲ್ಲಿ ಹೇಳಿದಂತೆ ಹೆಡರ್ ತೆರೆಯಿರಿ. ಹೆಲೋ ಹೆಸರು, ಆವರಣದ ಹೆಸರು ಎರಡೂ ಒಂದೇ ಆಗಿರಬೇಕು.